ದೊಡ್ಡ ಟೈರು ಹಾಕಿದ ಮೇಲೆ ಯಾವ ಕ್ರೌನ್-ಪಿನಿಯನ್?

(ಶಿರಸಿಯಲ್ಲಿ ಫೋರ್ ವೀಲ್ ಗಾಡಿ ಇಟ್ಟುಕೊಂಡವರು ಮತ್ತು ಗ್ಯಾರೇಜಿನವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಹಲಗೆಯ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಕೊಟ್ಟಿದೆ.)

ಎಲ್ಲರಿಗೂ ನಮಸ್ಕಾರ.

ದೊಡ್ಡ ಟೈರು ಹಾಕಿಸಿಕೊಂಡವರು ಗ್ಯಾರೇಜಿಗೆ ಬಂದು ಹೇಳುವ ದೂರು ಹೆಚ್ಚುಕಡಿಮೆ ಒಂದೇ. "ಗಾಡಿ ಎಳೀತಾ ಇಲ್ಲ. ದೇವಿಮನೆ ಘಟ್ಟದಲ್ಲಿ ಮೊದಲು ಸೆಕೆಂಡಿನಲ್ಲಿ ಹೋಗ್ತಿತ್ತು, ಈಗ ಫಸ್ಟಿಗೆ ಹಾಕಬೇಕು. ತೋಟದಿಂದ ಮೇಲೆ ಬರೂವಾಗ ಕ್ಲಚ್ಚಿನ ವಾಸನೆ." ಆಮೇಲೆ ಇಂಜೆಕ್ಟರ್ ಬಿಚ್ಚುತ್ತಾರೆ, ಟರ್ಬೊ ನೋಡುತ್ತಾರೆ, ಕ್ಲಚ್ ಪ್ಲೇಟ್ ಬದಲಾಯಿಸುತ್ತಾರೆ. ಇಂಜಿನ್ನು ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಟೈರಿಗೂ ಆ್ಯಕ್ಸಲ್ಲಿನ ಹೌಸಿಂಗ್ ಒಳಗಿನ ಕ್ರೌನ್-ಪಿನಿಯನ್ನಿಗೂ ಇದ್ದ ಹೊಂದಾಣಿಕೆ. ಪಿನಿಯನ್ ಅಂದರೆ ಸಣ್ಣ ಹಲ್ಲುಚಕ್ರ, ಕ್ರೌನ್ ಅಂದರೆ ಅದು ತಿರುಗಿಸುವ ದೊಡ್ಡ ಹಲ್ಲುಚಕ್ರ. ಕಂಪನಿಯವರು ಒಂದು ಟೈರಿನ ಅಳತೆಗೆ ತಕ್ಕಂತೆ ಹಲ್ಲುಗಳ ಲೆಕ್ಕ ಹಾಕಿ ಕೊಟ್ಟಿರುತ್ತಾರೆ. ನಾವು ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಹಾಗೆಯೇ ಬಿಟ್ಟಿರುತ್ತೇವೆ.

ರೇಷಿಯೋ ಅಂದರೆ ಕ್ರೌನಿನ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದ ಸಂಖ್ಯೆ. ಕ್ರೌನಿಗೆ 41, ಪಿನಿಯನ್ನಿಗೆ 11 ಇದ್ದರೆ 3.73. ಇಂಜಿನ್ನಿನ ಬಲವನ್ನು ಆ್ಯಕ್ಸಲ್ಲಿಗೆ ತರುವ ಪ್ರೊಪೆಲ್ಲರ್ ಶಾಫ್ಟು 3.73 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಸಾಮಾನ್ಯವಾಗಿ ಸಿಗುವ ಜೋಡಿಗಳು: 41ಕ್ಕೆ 10 ಅಂದರೆ 4.10, 47ಕ್ಕೆ 11 ಅಂದರೆ 4.27, 41ಕ್ಕೆ 9 ಅಂದರೆ 4.56, 39ಕ್ಕೆ 8 ಅಂದರೆ 4.88, 43ಕ್ಕೆ 8 ಅಂದರೆ 5.38. ಸಂಖ್ಯೆ ದೊಡ್ಡದಾದಷ್ಟೂ ಚಕ್ರಕ್ಕೆ ಸಿಗುವ ಎಳೆತ ಹೆಚ್ಚು, ಅದೇ ವೇಗಕ್ಕೆ ಇಂಜಿನ್ ತಿರುಗಬೇಕಾದದ್ದೂ ಹೆಚ್ಚು. ಎಲ್ಲ ಆ್ಯಕ್ಸಲ್‌ಗೂ ಎಲ್ಲ ಜೋಡಿ ಸಿಗುವುದಿಲ್ಲ. ಹಾಗಾಗಿ ನಿಮ್ಮ ಆ್ಯಕ್ಸಲ್ಲಿಗೆ ಯಾವ ಜೋಡಿಗಳು ಸಿಗುತ್ತವೆ ಎಂದು ಟೈರು ಕೊಳ್ಳುವ ಮುಂಚೆಯೇ ವಿಚಾರಿಸಿಕೊಳ್ಳಿ. ಟೈರು ತಂದು ಹಾಕಿದ ಮೇಲೆ ಆ ಆ್ಯಕ್ಸಲ್ಲಿಗೆ ಬೇರೆ ರೇಷಿಯೋವೇ ಇಲ್ಲ ಎಂದು ತಿಳಿದರೆ ಹಿಂದೆ ಹೋಗಲು ದಾರಿಯಿರುವುದಿಲ್ಲ.

ಹಳೆಯ ರೇಷಿಯೋವನ್ನು ಹೊಸ ಟೈರಿನ ಎತ್ತರದಿಂದ ಗುಣಿಸಿ, ಹಳೆಯ ಟೈರಿನ ಎತ್ತರದಿಂದ ಭಾಗಿಸಿ. ಬಂದ ಸಂಖ್ಯೆ ಗಾಡಿಯನ್ನು ಮೊದಲಿದ್ದ ಸ್ಥಿತಿಗೆ ತರುವ ರೇಷಿಯೋ. ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಇಷ್ಟಕ್ಕೇ ನಿಂತರೆ ನಮ್ಮ ಜಿಲ್ಲೆಯ ರಸ್ತೆಗೆ ಸಾಲುವುದಿಲ್ಲ ಎಂಬುದು ನಮ್ಮ ವಾದ. ಈ ಲೆಕ್ಕದಲ್ಲಿ ಟೈರಿನ ತೂಕ ಬರುವುದಿಲ್ಲ, ಹಿಂದೆ ಹೇರಿದ ಅಡಿಕೆ ಮೂಟೆ ಬರುವುದಿಲ್ಲ, ಘಟ್ಟ ಇಳಿಯುವುದೂ ಬರುವುದಿಲ್ಲ.

ಇಲ್ಲಿ ಯಾರಾದರೂ ಕೇಳುವುದುಂಟು: "ಲೋ ಇದೆಯಲ್ಲ, ಏರು ಬಂದಲ್ಲಿ ಲೋ ಹಾಕಿದರೆ ಆಯಿತಲ್ಲ?" ಲೋ, ಹೈ ಅಂದರೆ ಟ್ರಾನ್ಸ್‌ಫರ್ ಕೇಸಿನ ನಿಧಾನದ ಮತ್ತು ಮಾಮೂಲು ಗೇರು; ಇಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಆ್ಯಕ್ಸಲ್ಲಿಗೆ ಹಂಚುವ ಪೆಟ್ಟಿಗೆಯೂ ಅದೇ. ಕೆಮ್ಮಣ್ಣಿನ ರಾಡಿಯಲ್ಲಿ, ಹೊಳೆ ದಾಟುವಲ್ಲಿ, ಬೆಟ್ಟದ ದಾರಿಯಲ್ಲಿ ಲೋ ಹಾಕಬಹುದು, ಹಾಕಬೇಕು. ಆದರೆ ಶಿರಸಿಯಿಂದ ಕುಮಟಾಕ್ಕೆ, ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿದು ಅಂಕೋಲೆಗೆ, ಜೋಯಿಡಾದಿಂದ ಅಣಶಿ ಮೇಲೆ ಕಾರವಾರಕ್ಕೆ ಹೋಗುವುದು ಡಾಂಬರು ರಸ್ತೆಯಲ್ಲಿ. ಈ ಜೀಪುಗಳಲ್ಲಿ ಲೋ ಅಂದರೆ ಫೋರ್ ವೀಲೂ ಸೇರಿಯೇ ಬರುತ್ತದೆ, ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗಬೇಕು. ರಾಡಿಯಲ್ಲಾದರೆ ಟೈರು ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ, ಡಾಂಬರಿನಲ್ಲಿ ಜಾರುವುದಿಲ್ಲ. ಒತ್ತಡವೆಲ್ಲ ಶಾಫ್ಟು, ಕ್ರಾಸು (ಶಾಫ್ಟಿನ ಕೀಲು), ಟ್ರಾನ್ಸ್‌ಫರ್ ಕೇಸಿನ ಮೇಲೆ ಕೂರುತ್ತದೆ, ಸ್ಟೇರಿಂಗ್ ಬಿಗಿಯುತ್ತದೆ, ಲಿವರು ಹೊರಗೆ ಬರುವುದಿಲ್ಲ. ಅಂದರೆ ಘಟ್ಟದ ಡಾಂಬರಿನಲ್ಲಿ ನಿಮಗಿರುವುದು ಹೈ ಮಾತ್ರ, ಹಿಂದಿನ ಎರಡು ಚಕ್ರ ಮಾತ್ರ. ಅಲ್ಲಿ ನೆರವಾಗುವುದು ಆ್ಯಕ್ಸಲ್ಲಿನ ರೇಷಿಯೋ ಒಂದೇ. ಟ್ರಾನ್ಸ್‌ಫರ್ ಕೇಸಿಗೆ ಇನ್ನೂ ನಿಧಾನದ ಲೋ ಗೇರು ಹಾಕಿಸುವವರಿದ್ದಾರೆ. ಕಲ್ಲು ಹತ್ತುವ ಆಟಕ್ಕೆ ಅದು ಒಳ್ಳೆಯದೇ, ಘಟ್ಟದ ಸಮಸ್ಯೆಯನ್ನು ಅದು ಮುಟ್ಟುವುದೇ ಇಲ್ಲ.

ಈಗ ಒಂದು ಮಾದರಿ ಗಾಡಿ ತೆಗೆದುಕೊಳ್ಳೋಣ. ಯಾವ ಕಂಪನಿಯದ್ದೂ ಅಲ್ಲ, ಲೆಕ್ಕಕ್ಕೆಂದು ಮಾಡಿಕೊಂಡದ್ದು. ಟರ್ಬೊ ಡೀಸೆಲ್, ಐದು ಗೇರು. ಫಸ್ಟ್ 4.0, ಸೆಕೆಂಡ್ 2.3, ಟಾಪ್ 0.8. ಟ್ರಾನ್ಸ್‌ಫರ್ ಕೇಸಿನ ಲೋ 2.46. ಆ್ಯಕ್ಸಲ್ 3.73. ಟೈರು 235/70 ಆರ್ 16, ಅಂದರೆ ಎತ್ತರ 29 ಇಂಚು. ಅದಕ್ಕೆ 33 ಇಂಚಿನ ಟೈರು ಹಾಕಿದ್ದೇವೆ.

ಇಂಜಿನ್ ವೇಗ ಕಂಡುಹಿಡಿಯುವ ಸೂತ್ರ ಬರೆದುಕೊಳ್ಳಿ: 209 ಗುಣಿಸು ಗಂಟೆಗೆ ಕಿಲೋಮೀಟರು, ಗುಣಿಸು ಗೇರು, ಗುಣಿಸು ಆ್ಯಕ್ಸಲ್ ರೇಷಿಯೋ, ಭಾಗಿಸು ಇಂಚಿನಲ್ಲಿ ಟೈರಿನ ಎತ್ತರ. ಬರುವುದು ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, ಅಂದರೆ ಆರ್‌ಪಿಎಂ.

ದೇವಿಮನೆಯ ತಿರುವಿನಲ್ಲಿ ಸೆಕೆಂಡ್ ಗೇರು, 20 ಕಿಲೋಮೀಟರ್ ವೇಗ. 29 ಇಂಚಿನಲ್ಲಿ ಇಂಜಿನ್ 1,237ರಲ್ಲಿತ್ತು. 33 ಇಂಚಿನಲ್ಲಿ ಅದು 1,087. ಟರ್ಬೊ ಡೀಸೆಲ್ಲಿಗೆ ಈ 150 ಆರ್‌ಪಿಎಂ ದೊಡ್ಡದು. ಟರ್ಬೊ ಗಾಳಿ ತುಂಬಲು ಶುರುಮಾಡುವ ವೇಗಕ್ಕಿಂತ ಇಂಜಿನ್ ಕೆಳಗೆ ಬಿದ್ದರೆ ಆ್ಯಕ್ಸಿಲರೇಟರ್ ಎಷ್ಟು ಒತ್ತಿದರೂ ಕಪ್ಪು ಹೊಗೆ ಬರುತ್ತದೆಯೇ ಹೊರತು ಎಳೆತ ಬರುವುದಿಲ್ಲ. ಹಾಗಾಗಿ ಫಸ್ಟಿಗೆ ಇಳಿಸುತ್ತೀರಿ, ತಿರುವು ದಾಟಿದ ಕೂಡಲೇ ಸೆಕೆಂಡಿಗೆ ಏರಿಸುತ್ತೀರಿ, ಅಷ್ಟರಲ್ಲಿ ಇನ್ನೊಂದು ತಿರುವು. ಇದೇ ಗಾಡಿಗೆ 4.56 ಹಾಕಿದರೆ ಅದೇ ಜಾಗದಲ್ಲಿ 1,328. ಇಂಜಿನ್ ತಾನಾಗಿ ಎತ್ತಿಕೊಳ್ಳುತ್ತದೆ.

ಇನ್ನು ತೋಟದ ದಾರಿ. ನಮ್ಮ ಅಡಿಕೆ ತೋಟಗಳಿರುವುದು ಕಣಿವೆಯ ಅಡಿಯಲ್ಲಿ, ಮನೆ ಮತ್ತು ರಸ್ತೆ ಮೇಲೆ. ಗಾಡಿ, ಹೇರು, ಜನ ಎಲ್ಲ ಸೇರಿ 2,200 ಕಿಲೋ ಎಂದಿಟ್ಟುಕೊಳ್ಳಿ. ಏರು ಆರಕ್ಕೆ ಒಂದು, ಅಂದರೆ ಆರು ಮೀಟರು ಮುಂದೆ ಹೋದರೆ ಒಂದು ಮೀಟರು ಮೇಲೆ. ತೂಕವನ್ನು ಎತ್ತಲು ಸುಮಾರು 3,550 ನ್ಯೂಟನ್, ಒದ್ದೆ ಗಟ್ಟಿಮಣ್ಣಿನಲ್ಲಿ ಟೈರು ಉರುಳಲು ಸುಮಾರು 1,080, ಒಟ್ಟು 4,630 ನ್ಯೂಟನ್. ಈ ಬಲ ನೆಲಕ್ಕೆ ಸಿಗಬೇಕಾದರೆ 29 ಇಂಚಿನ ಚಕ್ರಕ್ಕೆ 1,705 ನ್ಯೂಟನ್ ಮೀಟರ್ ತಿರುಚುಬಲ ಬೇಕು, 33 ಇಂಚಿನದಕ್ಕೆ 1,940. ಕಡಿಮೆ ವೇಗದಲ್ಲಿ ಇಂಜಿನ್ 150 ನ್ಯೂಟನ್ ಮೀಟರ್ ಕೊಡುತ್ತದೆ, ಗೇರುಗಳಲ್ಲಿ 15 ಶೇಕಡಾ ಕಳೆಯುತ್ತದೆ ಎಂದು ಹಿಡಿದರೆ, ಹಳೆಯ ಟೈರಿಗೆ ಒಟ್ಟು 13.4ರಷ್ಟು ರೇಷಿಯೋ ಸಾಕು, ಹೊಸದಕ್ಕೆ 15.2 ಬೇಕು. ಹೈ ಫಸ್ಟಿನಲ್ಲಿ ಇರುವುದು 4.0 ಗುಣಿಸು 3.73, ಅಂದರೆ 14.9. ನೋಡಿ, ಹಳೆಯ ಟೈರಿಗೆ ಸಾಕಾಗುತ್ತಿತ್ತು, ಹೊಸ ಟೈರಿಗೆ ಸ್ವಲ್ಪದರಲ್ಲಿ ಸಾಲುವುದಿಲ್ಲ. ಆ ಸ್ವಲ್ಪವನ್ನು ಚಾಲಕ ಕ್ಲಚ್ ಜಾರಿಸಿ, ಇಂಜಿನ್ ಮೇಲೆತ್ತಿ ತುಂಬುತ್ತಾನೆ. ವಾಸನೆ ಬರುವುದು ಅಲ್ಲಿಂದ. 4.56 ಇದ್ದರೆ ಒಟ್ಟು 18.2, ಕ್ಲಚ್ ಪೂರ್ತಿ ಬಿಟ್ಟು ಹತ್ತಬಹುದು.

ಇಳಿಯುವುದನ್ನು ನಾವು ಹತ್ತುವುದಕ್ಕಿಂತ ಮುಖ್ಯ ಎನ್ನುತ್ತೇವೆ. ಹತ್ತಲಾಗದಿದ್ದರೆ ಗಾಡಿ ನಿಲ್ಲುತ್ತದೆ, ಇಳಿಯುವಾಗ ಹಿಡಿತ ಸಾಲದಿದ್ದರೆ ನಿಲ್ಲುವುದಿಲ್ಲ. ಸೆಕೆಂಡ್ ಗೇರಿನಲ್ಲಿ ಇಂಜಿನ್ 2,500ರಲ್ಲಿ ಹಿಡಿದು ನಿಂತಿದೆ ಎಂದುಕೊಳ್ಳಿ. 29 ಇಂಚಿನಲ್ಲಿ ಅದು 40 ಕಿಲೋಮೀಟರ್ ವೇಗ. 33 ಇಂಚಿನಲ್ಲಿ 46. ಜೊತೆಗೆ ಇಂಜಿನ್ ಹಿಡಿಯುವ ಬಲ ನೆಲ ತಲುಪುವಾಗ 12 ಶೇಕಡಾ ಕಡಿಮೆಯಾಗಿರುತ್ತದೆ. ಉಳಿದದ್ದನ್ನು ಬ್ರೇಕಿನಿಂದ ತುಂಬಬೇಕು. ಆ ಬ್ರೇಕೂ ದೊಡ್ಡ ಟೈರಿನಿಂದಾಗಿ ಅಷ್ಟೇ ಶೇಕಡಾ ದುರ್ಬಲವಾಗಿದೆ, ಡ್ರಮ್ಮು, ಡಿಸ್ಕು ಹಳೆಯವೇ. ಭಾರ ಹೇರಿಕೊಂಡು ಉದ್ದದ ಇಳಿಜಾರಿನಲ್ಲಿ ಲೈನಿಂಗ್ ಕಾದು ಪೆಡಲ್ ಒತ್ತಿದರೂ ಹಿಡಿಯದ ಸ್ಥಿತಿ ಹೀಗೆ ಬರುತ್ತದೆ. 4.56ರಲ್ಲಿ ಅದೇ 2,500ಕ್ಕೆ ವೇಗ 37.6ಕ್ಕೆ ಇಳಿಯುತ್ತದೆ. ಕ್ರೌನ್-ಪಿನಿಯನ್ನಿನ ಖರ್ಚನ್ನು ಬ್ರೇಕಿನ ಖರ್ಚು ಎಂದೇ ಪರಿಗಣಿಸಿ ಎಂದು ಹೇಳುವುದು ಈ ಕಾರಣಕ್ಕೆ.

ಹಾಗಾದರೆ ಆಯ್ಕೆ ಯಾವುದು? 3.73 ಗುಣಿಸು 33 ಭಾಗಿಸು 29, ಬರುವುದು 4.24. ಹತ್ತಿರದ್ದು 4.27. ಪುಸ್ತಕದ ಉತ್ತರ ಅಷ್ಟೇ. ನಮ್ಮ ಉತ್ತರ 4.56, ಅಂದರೆ ಲೆಕ್ಕಕ್ಕಿಂತ ಒಂದು ಮೆಟ್ಟಿಲು ಮೇಲೆ. 33 ಇಂಚಿನ ಮಡ್ ಟೈರು ಹಳೆಯದಕ್ಕಿಂತ ತುಂಬ ಭಾರ, ಆ ಭಾರ ಚಕ್ರದ ಹೊರ ಅಂಚಿನಲ್ಲಿದೆ, ಅದನ್ನು ತಿರುಗಿಸಲೂ ನಿಲ್ಲಿಸಲೂ ಬಲ ಬೇಕು. ಟೈರು ದೊಡ್ಡದಾದರೆ ಗಾಡಿ ಎತ್ತರವಾಗುತ್ತದೆ, ಬಂಪರು, ವಿಂಚು, ಕ್ಯಾರಿಯರು ಒಂದೊಂದಾಗಿ ಸೇರುತ್ತವೆ.

ಹೆದ್ದಾರಿಯಲ್ಲಿ ಇಂಜಿನ್ ಕಿರುಚುತ್ತದೆ ಎಂಬ ಹೆದರಿಕೆ ಹಲವರಿಗಿದೆ. ಲೆಕ್ಕ ನೋಡಿ. ಹೆದ್ದಾರಿ 66ರಲ್ಲಿ, ಕುಮಟಾದಿಂದ ಕಾರವಾರಕ್ಕೆ, ಟಾಪಿನಲ್ಲಿ 80 ಕಿಲೋಮೀಟರ್ ವೇಗ. ಹೊಸದಾಗಿ ಬಂದಾಗ ಗಾಡಿ 1,720ರಲ್ಲಿ ಓಡುತ್ತಿತ್ತು. ಟೈರು ಮಾತ್ರ ಬದಲಿಸಿದಾಗ 1,512. 4.27 ಹಾಕಿದರೆ 1,731. 4.56ಕ್ಕೆ 1,848. ಮೂಲಕ್ಕಿಂತ 130 ಹೆಚ್ಚು, ಕಿವಿಗೆ ಗೊತ್ತೂ ಆಗುವುದಿಲ್ಲ. ಟಾಪ್ ಗೇರು 0.8 ಇರುವ ಗಾಡಿಗಳಲ್ಲಿ ಒಂದು ಮೆಟ್ಟಿಲು ಹೆಚ್ಚು ಹೋಗುವುದರಿಂದ ಕಳೆದುಕೊಳ್ಳುವುದು ಅಷ್ಟು ಕಡಿಮೆ. ಇನ್ನೊಂದು ಮೆಟ್ಟಿಲು ಹೋಗಿ 4.88 ಹಾಕಿದರೆ 1,978. ವೇಗಕ್ಕೆ ಅದೂ ಸರಿಯೇ. ಆದರೆ ಪಿನಿಯನ್ ಎಂಟು ಹಲ್ಲಿಗೆ ಇಳಿದು ಚಿಕ್ಕದಾಗುತ್ತದೆ. ಯಾವಾಗಲೂ ಭಾರ ಹೇರುವವರು, 35 ಇಂಚಿಗೆ ಹೋಗುವವರು ಮಾತ್ರ ಅದನ್ನು ಯೋಚಿಸಿ.

ಹಳೆಯ ಜೀಪುಗಳ ಕಥೆಯೇ ಬೇರೆ. ಯುದ್ಧಕಾಲದ ವಿಲ್ಲೀಸ್ ಎಂಬಿ ಜೀಪಿನಲ್ಲಿ 6.00-16 ಟೈರಿಗೆ 4.88 ಇತ್ತು, ಆಮೇಲಿನ ಸಿಜೆ-3ಬಿಯಲ್ಲಿ 5.38. ಟಾಪ್ ಗೇರು ನೇರ, ಒಂದಕ್ಕೊಂದು. 5.38 ಇರುವ ಜೀಪು 28 ಇಂಚಿನ ಟೈರಿನಲ್ಲಿ 80 ಹೋಗಬೇಕಾದರೆ ಇಂಜಿನ್ 3,200 ತಿರುಗಬೇಕು. ಇಂಥದಕ್ಕೆ 30 ಇಂಚು ಎತ್ತರದ 7.00-16 ಹಾಕಿದರೆ ಅದು 3,000ಕ್ಕೆ ಬರುತ್ತದೆ, ಜೀಪು ರಸ್ತೆಯಲ್ಲಿ ಇನ್ನೂ ಹಿತವಾಗಿ ಓಡುತ್ತದೆ. ಇಲ್ಲಿ ಕ್ರೌನ್-ಪಿನಿಯನ್ ಮುಟ್ಟಬೇಡಿ. ಅಗಲ ಕಡಿಮೆ, ಎತ್ತರ ಹೆಚ್ಚು ಇರುವ ಆ ಟೈರು ಮೇಲಿನ ರಾಡಿಯನ್ನು ಸೀಳಿ ಕೆಳಗಿನ ಜಂಬಿಟ್ಟಿಗೆಯ ಗಟ್ಟಿ ನೆಲ ಹುಡುಕುವುದರಲ್ಲೂ ಚೆನ್ನಾಗಿದೆ. ಕರಾವಳಿಯ ಮರಳಿನಲ್ಲಿ ಬೇಕಾದದ್ದು ಇದಕ್ಕೆ ವಿರುದ್ಧ, ಅಗಲದ ಟೈರು, ಇಳಿಸಿದ ಗಾಳಿ, ನಿಲ್ಲದೆ ಸಾಗುವ ವೇಗ. ತೀರಾ ದೊಡ್ಡ ರೇಷಿಯೋ ಹಾಕಿದವರು ಮರಳಿನಲ್ಲಿ ಲೋ ಫಸ್ಟ್ ಬಿಟ್ಟು ಲೋ ಸೆಕೆಂಡ್, ಥರ್ಡಿನಲ್ಲಿ ಓಡಿಸಬೇಕು.

ಮೊದಲು ಅಳೆಯಿರಿ

ಟೈರಿನ ಪಕ್ಕದಲ್ಲಿ 33 ಎಂದು ಬರೆದಿದ್ದರೆ ಅದು 33 ಇರಬೇಕೆಂದಿಲ್ಲ. ಗಾಳಿ ಸರಿಯಾಗಿ ತುಂಬಿ, ಗಾಡಿಗೆ ನೀವು ಸಾಮಾನ್ಯವಾಗಿ ಹೇರುವ ಭಾರ ಹೇರಿ, ಸಮತಟ್ಟು ನೆಲದಲ್ಲಿ ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಹಾಕಿ. ಚಕ್ರ ಐದು ಸುತ್ತು ಬರುವ ತನಕ ನೇರವಾಗಿ ತಳ್ಳಿ, ದೂರ ಅಳೆಯಿರಿ. ಐದರಿಂದ ಭಾಗಿಸಿ, ಮತ್ತೆ 3.14ರಿಂದ ಭಾಗಿಸಿದರೆ ನಿಜವಾದ ಎತ್ತರ ಸಿಗುತ್ತದೆ. ಹಳೆಯ ಟೈರು ಬಿಚ್ಚುವ ಮುಂಚೆ ಅದನ್ನೂ ಹೀಗೆಯೇ ಅಳೆದಿಟ್ಟುಕೊಳ್ಳಿ. ಎರಡನ್ನೂ ಒಂದೇ ರೀತಿ ಅಳೆದರೆ ಮಾತ್ರ ಹೋಲಿಕೆ ಸರಿ.

ಈಗಿರುವ ರೇಷಿಯೋ ಎಷ್ಟು ಎಂಬುದನ್ನೂ ನಂಬಿಕೆಯ ಮೇಲೆ ಬಿಡಬೇಡಿ, ಎರಡನೇ ಕೈ ಗಾಡಿಯಲ್ಲಂತೂ ಬೇಡವೇ ಬೇಡ. ಸಮತಟ್ಟು ಜಾಗದಲ್ಲಿ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಜ್ಯಾಕ್ ಎತ್ತಿ ಸ್ಟ್ಯಾಂಡ್ ಕೊಡಿ. ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನೇ, ಬಿಡದಿದ್ದರೆ ಏನೂ ತಿರುಗುವುದಿಲ್ಲ. ಎತ್ತಿದ ಚಕ್ರವನ್ನು 20 ಸುತ್ತು ತಿರುಗಿಸಿ, ಇನ್ನೊಬ್ಬರು ಪ್ರೊಪೆಲ್ಲರ್ ಶಾಫ್ಟಿನ ಸುತ್ತು ಎಣಿಸಲಿ. ಒಂದೇ ಚಕ್ರ ತಿರುಗಿದಾಗ ಕ್ರೌನು ಅರ್ಧದಷ್ಟೇ ತಿರುಗುತ್ತದೆ, ಆದ್ದರಿಂದ ಬಂದ ಸಂಖ್ಯೆಯನ್ನು 10ರಿಂದ ಭಾಗಿಸಬೇಕು. ಶಾಫ್ಟು 37 ಸುತ್ತು ಮುಗಿಸಿ ಕಾಲು ಭಾಗ ದಾಟಿದರೆ ನಿಮ್ಮದು 3.73. ಮುಂದಿನ ಆ್ಯಕ್ಸಲ್ಲಿಗೂ ಇದೇ ರೀತಿ, ಹಬ್ ಲಾಕ್ (ಮುಂದಿನ ಚಕ್ರವನ್ನು ಆ್ಯಕ್ಸಲ್ ಶಾಫ್ಟಿಗೆ ಜೋಡಿಸುವ ಬೀಗ) ಹಾಕಿ, ಹ್ಯಾಂಡ್ ಬ್ರೇಕ್ ಬಿಗಿದು, ಟ್ರಾನ್ಸ್‌ಫರ್ ಲಿವರು ಟೂ ವೀಲಿನಲ್ಲಿಟ್ಟು ಎಣಿಸಿ. ಎರಡು ಚಕ್ರಗಳನ್ನು ಒಟ್ಟಿಗೆ ತಿರುಗುವಂತೆ ಹಿಡಿಯುವ ಲಾಕರ್ ಅಥವಾ ಲಿಮಿಟೆಡ್ ಸ್ಲಿಪ್ ಇದ್ದರೆ ಈ ವಿಧಾನ ಬರುವುದಿಲ್ಲ, ಎರಡೂ ಚಕ್ರ ಎತ್ತಿ ಒಟ್ಟಿಗೆ ತಿರುಗಿಸಿ 10 ಸುತ್ತು ಎಣಿಸಿ.

ಯಾವುದು ಮುರಿಯುತ್ತದೆ

ದೊಡ್ಡ ರೇಷಿಯೋ ಹಾಕಿದರೆ ಆ್ಯಕ್ಸಲ್ ಶಾಫ್ಟು ಮುರಿಯುತ್ತದೆ ಎಂದು ಹೇಳುವವರಿದ್ದಾರೆ. ಶಾಫ್ಟಿನ ಮೇಲೆ ಬೀಳುವ ಗರಿಷ್ಠ ಬಲವನ್ನು ನಿರ್ಧರಿಸುವುದು ಟೈರಿನ ಹಿಡಿತ, ಅದರ ಮೇಲಿನ ತೂಕ ಮತ್ತು ಅದರ ಎತ್ತರ. ಟೈರು ಜಾರಿತೆಂದರೆ ಬಲ ಅಲ್ಲಿಗೆ ಮುಗಿಯಿತು. ಆದ್ದರಿಂದ 29ರಿಂದ 33ಕ್ಕೆ ಹೋದಾಗಲೇ ಶಾಫ್ಟಿನ ಮೇಲೆ 14 ಶೇಕಡಾ ಹೊರೆ ಏರಿರುತ್ತದೆ, ರೇಷಿಯೋ ಏನೇ ಇರಲಿ. ಆ್ಯಕ್ಸಲ್ಲಿನ ರೇಷಿಯೋ ಏರಿಸಿದಾಗ ಅದೇ ಎಳೆತಕ್ಕೆ ಪ್ರೊಪೆಲ್ಲರ್ ಶಾಫ್ಟು, ಕ್ರಾಸು, ಗೇರ್‌ಬಾಕ್ಸಿನ ಹೊರೆ ಕಡಿಮೆಯೇ ಆಗುತ್ತದೆ.

ಬೆಲೆ ತೆರುವುದು ಪಿನಿಯನ್ನಿನಲ್ಲಿ. ಕ್ರೌನಿನ ಅಗಲ ಹೌಸಿಂಗ್ ಒಳಗೆ ಹಿಡಿಯುವಷ್ಟೇ ಇರಬೇಕಾದ್ದರಿಂದ ರೇಷಿಯೋ ಏರಿದಂತೆ ಪಿನಿಯನ್ನಿನ ತಲೆ ಸಣ್ಣದಾಗುತ್ತದೆ, ಒಂದೇ ಹೊತ್ತಿಗೆ ಕಚ್ಚಿಕೊಂಡಿರುವ ಹಲ್ಲುಗಳೂ ಕಡಿಮೆಯಾಗುತ್ತವೆ. ಮುಂದಿನ ಆ್ಯಕ್ಸಲ್ಲಿನಲ್ಲಿ ಇನ್ನೊಂದು ತೊಂದರೆ. ಪಿನಿಯನ್ ಕೆಳಗಿರುವ ಸಾಮಾನ್ಯ ಮುಂದಿನ ಆ್ಯಕ್ಸಲ್ಲಿನಲ್ಲಿ ಗಾಡಿ ಮುಂದಕ್ಕೆ ಹೋಗುವಾಗ ಬಲ ಬೀಳುವುದು ಹಲ್ಲಿನ ದುರ್ಬಲ ಬದಿಗೆ, ಹಿಂದಿನದರಲ್ಲಿ ರಿವರ್ಸಿನಲ್ಲಿ ಬಳಕೆಯಾಗುವ ಬದಿಗೆ. ಮುಂದಿನ ಚಕ್ರ ಕಲ್ಲಿನ ನಡುವೆ ಸಿಕ್ಕಿಕೊಂಡಾಗ ಆ್ಯಕ್ಸಿಲರೇಟರ್ ಜೋರಾಗಿ ಒತ್ತಿದರೆ ಹಲ್ಲು ಹಾರುವುದು ಇಲ್ಲಿಯೇ.

ಕೇಜ್ ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ, ನೀವೇ ಕೇಳಬೇಕು. ಪಿನಿಯನ್ ಸಣ್ಣದಾದರೆ ಕ್ರೌನು ಅದರ ಹತ್ತಿರ ಬರಬೇಕು, ಅಂದರೆ ಕ್ರೌನು ಕೂರುವ ಡಿಫರೆನ್ಶಿಯಲ್ ಕೇಜಿನ ಅಂಚು ಬೇರೆ ಜಾಗದಲ್ಲಿರಬೇಕು. ಡಾನಾ ಕಂಪನಿಯ ಆ್ಯಕ್ಸಲ್ಲುಗಳನ್ನು ನೋಡಿ. ಡಾನಾ 44ರಲ್ಲಿ 3.73 ಮತ್ತು ಅದಕ್ಕಿಂತ ಕಡಿಮೆಗೆ ಒಂದು ಕೇಜ್, 3.92 ಮತ್ತು ಮೇಲಿನದಕ್ಕೆ ಇನ್ನೊಂದು. ಡಾನಾ 30ರಲ್ಲಿ ಗಡಿ ಬೇರೆ, 3.54ರ ತನಕ ಒಂದು, 3.73ರಿಂದ ಇನ್ನೊಂದು. ಗಡಿ ದಾಟುವುದಾದರೆ ಹೊಸ ಕೇಜ್ ಅಥವಾ ದಪ್ಪ ಮಾಡಿದ ಕ್ರೌನ್ ಬೇಕು. ಲಾಕರ್ ಹಾಕುವ ಆಸೆ ಇದ್ದರೆ ಈಗಲೇ ಹಾಕಿಸಿ. ಹೇಗೂ ಕೇಜ್ ಹೊರಗೆ ಬರುತ್ತದೆ, ಕೂಲಿ ಒಂದೇ ಸಲ.

ಕೂರಿಸುವ ಕೆಲಸ

ಹೊಸ ಸೆಟ್ಟಿನ ಜೊತೆ ಪಿನಿಯನ್ ಬೇರಿಂಗ್ ಎರಡು, ಕೇಜ್ ಬೇರಿಂಗ್ ಎರಡು, ಸೀಲು, ಪಿನಿಯನ್ ನಟ್, ಕ್ರೌನ್ ಬೋಲ್ಟುಗಳು, ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ) ಕಿಟ್, ಇದ್ದರೆ ಕ್ರಶ್ ಸ್ಲೀವ್ (ಪಿನಿಯನ್ ಬೇರಿಂಗುಗಳ ನಡುವಿನ, ಬಿಗಿದಾಗ ಕುಗ್ಗುವ ಕೊಳವೆ), ಎಲ್ಲವೂ ಹೊಸದು ಬೇಕು. ಹಿಂದಿನದಕ್ಕೊಂದು, ಮುಂದಿನದಕ್ಕೊಂದು. ಡಯಲ್ ಗೇಜ್ ಮತ್ತು ಇಂಚು-ಪೌಂಡಿನ ಟಾರ್ಕ್ ರೆಂಚ್ ಇಲ್ಲದ ಕಡೆ ಈ ಕೆಲಸ ಕೊಡಬೇಡಿ. ಕೈಯಲ್ಲಿ ಅಲ್ಲಾಡಿಸಿ "ಪ್ಲೇ ಸರಿ ಇದೆ" ಎನ್ನುವುದು ಈ ಕೆಲಸಕ್ಕೆ ಸಾಲುವುದಿಲ್ಲ.

ಮೊದಲು ಪಿನಿಯನ್ನಿನ ಆಳ. ಪಿನಿಯನ್ನಿನ ತಲೆಯ ಮೇಲೆ ಕೂಡಿಸು ಅಥವಾ ಕಳೆ ಚಿಹ್ನೆಯೊಂದಿಗೆ ಒಂದು ಅಂಕೆ ಕೆತ್ತಿರುತ್ತದೆ, ಅದು ಇಂಚಿನ ಸಾವಿರದ ಭಾಗದಲ್ಲಿ. ಡಾನಾ ಮಾದರಿಯಲ್ಲಿ ಹಳೆಯದು +2, ಹೊಸದು −3 ಇದ್ದರೆ ಒಳಗಿನ ಬೇರಿಂಗ್ ಹಿಂದಿನ ಶಿಮ್ಮಿಗೆ ಇಂಚಿನ ಸಾವಿರದಲ್ಲಿ ಐದು ಭಾಗ, ಅಂದರೆ 0.13 ಮಿಲಿಮೀಟರು ಸೇರಿಸಿ ಶುರುಮಾಡಬೇಕು. ಶುರು ಮಾತ್ರ. ಕೊನೆಯ ತೀರ್ಪು ಹಲ್ಲಿನ ಮೇಲಿನ ಗುರುತಿನದು.

ಆಮೇಲೆ ಪಿನಿಯನ್ ಬೇರಿಂಗಿನ ಬಿಗಿತ. ಹೊಸ ಬೇರಿಂಗಿಗೆ ಡಾನಾ 44ರಲ್ಲಿ ಸೀಲು ಹಾಕುವ ಮೊದಲು ತಿರುಗಿಸಲು 20ರಿಂದ 40 ಇಂಚು-ಪೌಂಡ್ ಬೇಕು, ಅಂದರೆ 2.3ರಿಂದ 4.5 ನ್ಯೂಟನ್ ಮೀಟರ್. ಬೇರೆ ಆ್ಯಕ್ಸಲ್ಲಿಗೆ ಅದರದೇ ಸರ್ವಿಸ್ ಪುಸ್ತಕದ ಅಂಕೆ ನೋಡಿ. ಕ್ರಶ್ ಸ್ಲೀವ್ ಇರುವಲ್ಲಿ ನಟ್ ಬಿಗಿದಂತೆ ಸ್ಲೀವ್ ಕುಗ್ಗಿ ಬಿಗಿತ ಬರುತ್ತದೆ. ಕೊನೆಯಲ್ಲಿ ಒಂದೊಂದೇ ಚೂರು ತಿರುಗಿಸಿ ಪ್ರತಿ ಸಲ ಅಳೆಯಬೇಕು. ಹೆಚ್ಚಾದರೆ ನಟ್ ಸಡಿಲಿಸಿ ಸರಿಮಾಡುವವರನ್ನು ಬಹಳ ಕಡೆ ನೋಡುತ್ತೇವೆ. ಕುಗ್ಗಿದ ಸ್ಲೀವ್ ಮತ್ತೆ ಉಬ್ಬುವುದಿಲ್ಲ, ಸಡಿಲಿಸಿದರೆ ಪಿನಿಯನ್ ಅಲ್ಲಾಡುತ್ತದೆ, ಬೇರಿಂಗ್ ಬೇಗ ಹೋಗುತ್ತದೆ. ಬಿಚ್ಚಿ ಹೊಸ ಸ್ಲೀವ್ ಹಾಕುವುದೊಂದೇ ದಾರಿ. ಕೈಯಲ್ಲಿ ಎರಡು ಸ್ಲೀವ್ ಇಟ್ಟುಕೊಂಡೇ ಕೆಲಸ ಶುರುಮಾಡಿ.

ಮೂರನೆಯದು ಬ್ಯಾಕ್‌ಲ್ಯಾಶ್, ಪಿನಿಯನ್ ಹಿಡಿದಿಟ್ಟಾಗ ಕ್ರೌನು ಅಲ್ಲಾಡುವ ಅಂತರ. 0.15ರಿಂದ 0.25 ಮಿಲಿಮೀಟರು. ಕ್ರೌನಿನ ಸುತ್ತ ನಾಲ್ಕು ಕಡೆ ಅಳೆಯಿರಿ. ನಾಲ್ಕರ ನಡುವೆ 0.05ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕ್ರೌನು ಕೇಜಿನ ಮೇಲೆ ನೇರವಾಗಿ ಕೂತಿಲ್ಲ, ನಡುವೆ ಕಸವೋ ಲೋಹದ ಸಣ್ಣ ಉಬ್ಬೋ ಸಿಕ್ಕಿದೆ. ಬಿಚ್ಚಿ ಒರೆಸಿ, ಅಂಚನ್ನು ಅರದಿಂದ ಹಗುರಾಗಿ ತೀಡಿ, ಮತ್ತೆ ಕೂರಿಸಿ. ಬೋಲ್ಟುಗಳಿಗೆ ಲಾಕಿಂಗ್ ಗೋಂದು ಹಾಕಿ, ಎದುರುಬದುರಾಗಿ ಬಿಗಿಯಬೇಕು.

ಈಗ ಹಲ್ಲಿನ ಗುರುತು. ಗುರುತಿನ ಬಣ್ಣವನ್ನು ಕ್ರೌನಿನ ನಾಲ್ಕೈದು ಹಲ್ಲಿನ ಎರಡೂ ಬದಿಗೆ ತೆಳುವಾಗಿ ಹಚ್ಚಿ. ಒಬ್ಬರು ಕ್ರೌನಿಗೆ ಮರದ ತುಂಡು ಒತ್ತಿ ಭಾರ ಕೊಡಲಿ, ಇನ್ನೊಬ್ಬರು ಪಿನಿಯನ್ ಎರಡೂ ದಿಕ್ಕಿಗೆ ತಿರುಗಿಸಲಿ. ಬಣ್ಣ ಉಜ್ಜಿಹೋದ ಜಾಗ ಹಲ್ಲಿನ ತಲೆಗೂ ಬುಡಕ್ಕೂ ನಡುವೆ ಇರಬೇಕು. ತಲೆಯ ಅಂಚಿಗೆ ಬಿದ್ದರೆ ಪಿನಿಯನ್ ದೂರವಿದೆ, ಶಿಮ್ ಸೇರಿಸಿ ಒಳಗೆ ತನ್ನಿ. ಬುಡದ ಗುಂಡಿಗೆ ಬಿದ್ದರೆ ಪಿನಿಯನ್ ತುಂಬ ಒಳಗಿದೆ, ಶಿಮ್ ತೆಗೆಯಿರಿ. ಹಲ್ಲಿನ ಹೊರತುದಿಯ ಕಡೆ ಹೋಗಿದ್ದರೆ ಕ್ರೌನನ್ನು ಪಿನಿಯನ್ನಿನ ಹತ್ತಿರ ತನ್ನಿ, ಒಳತುದಿಯ ಕಡೆ ಹೋಗಿದ್ದರೆ ದೂರ ಸರಿಸಿ. ಒಂದನ್ನು ಬದಲಿಸಿದಾಗ ಇನ್ನೊಂದೂ ಸ್ವಲ್ಪ ಬದಲಾಗುತ್ತದೆ, ಹಾಗಾಗಿ ಪ್ರತಿ ಸಲ ಬ್ಯಾಕ್‌ಲ್ಯಾಶ್ ಮತ್ತೆ ಅಳೆಯಬೇಕು. ಮುಂದಿನ ಆ್ಯಕ್ಸಲ್ಲಿನಲ್ಲಿ ದುರ್ಬಲ ಬದಿಯ ಗುರುತನ್ನೂ ಅಷ್ಟೇ ಶ್ರದ್ಧೆಯಿಂದ ನೋಡಿ, ಕೆಲಸ ಮಾಡುವುದು ಅದೇ ಬದಿ. ಮೂರು ನಾಲ್ಕು ಸಲ ಬಿಚ್ಚಿ ಕಟ್ಟುವುದು ಇಲ್ಲಿ ಮಾಮೂಲು. ಒಂದೇ ಸಲಕ್ಕೆ ಮುಗಿಸಿ ಕೊಟ್ಟರೆ ಗುರುತು ತೋರಿಸಿ ಎಂದು ಕೇಳಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

ಗೇರ್ ಎಣ್ಣೆ ಜಿಎಲ್-5 ದರ್ಜೆಯದು, 80ಡಬ್ಲ್ಯೂ-90 ಅಥವಾ ನಿಮ್ಮ ಪುಸ್ತಕ ಹೇಳಿದ್ದು. ತುಂಬುವ ತೂತಿನ ಕೆಳಅಂಚಿನ ತನಕ. ಮೊದಲ ಓಟ 15ರಿಂದ 20 ನಿಮಿಷ, ಹಗುರವಾಗಿ, ಆಮೇಲೆ ಹೌಸಿಂಗ್ ಪೂರ್ತಿ ತಣ್ಣಗಾಗಲಿ. ಹೀಗೆ ಕೆಲವು ಸಲ. ಹೊಸ ಹಲ್ಲುಗಳು ಒಂದನ್ನೊಂದು ಉಜ್ಜಿ ಹೊಂದಿಕೊಳ್ಳುವಾಗ ತುಂಬ ಕಾಯುತ್ತವೆ, ಆ ಹೊತ್ತಿನಲ್ಲಿ ಭಾರ ಹೇರಿದರೆ ಮೇಲ್ಮೈಯ ಗಟ್ಟಿತನವೇ ಹೋಗುತ್ತದೆ. ಮೊದಲ 800 ಕಿಲೋಮೀಟರ್ ಟ್ರೇಲರ್ ಬೇಡ, ಭಾರ ಹೇರಿ ಘಟ್ಟ ಹತ್ತುವುದೂ ಬೇಡ. 800ಕ್ಕೆ ಎಣ್ಣೆ ಬದಲಿಸಿ. ಸಣ್ಣ ಬೂದುಬಣ್ಣದ ಪುಡಿ ಇದ್ದರೆ ಸಹಜ, ಚೂರುಗಳು ಸಿಕ್ಕರೆ ಬಿಚ್ಚಿ ನೋಡಬೇಕು.

ನಮ್ಮ ಮಳೆಗಾಲಕ್ಕೆಂದು ಒಂದು ಮಾತು. ಘಟ್ಟ ಇಳಿದು ಕಾದ ಹೌಸಿಂಗ್ ಹೊಳೆಯ ತಣ್ಣೀರಿಗೆ ಇಳಿದ ಕ್ಷಣ ಒಳಗಿನ ಗಾಳಿ ಕುಗ್ಗಿ ನೀರು ಎಳೆದುಕೊಳ್ಳುತ್ತದೆ, ಸೀಲಿನಿಂದಲೋ, ಹೌಸಿಂಗಿನ ಗಾಳಿ ತೂತಾದ ಬ್ರೀದರಿನಿಂದಲೋ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದರೆ ಅದೇ. ಬ್ರೀದರಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಬಾನೆಟ್ಟಿನ ಎತ್ತರಕ್ಕೆ ಒಯ್ದು ಕಟ್ಟಿ. ಖರ್ಚು ತೀರಾ ಕಡಿಮೆ, ಕ್ರೌನ್-ಪಿನಿಯನ್ ಉಳಿಸುತ್ತದೆ.

ಮೀಟರಿನ ವಿಚಾರ. 33 ಹಾಕಿ ಬೇರೇನೂ ಬದಲಿಸದಿದ್ದರೆ ಮೀಟರು 60 ತೋರಿಸುವಾಗ ಗಾಡಿ 68ರಲ್ಲಿ ಓಡುತ್ತಿರುತ್ತದೆ. ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಬರುವ ಗಾಡಿಯಲ್ಲಿ 4.27 ಹಾಕಿದರೆ ಮೀಟರು ತಾನಾಗಿಯೇ ಹೆಚ್ಚುಕಡಿಮೆ ಸರಿಯಾಗುತ್ತದೆ, 4.56 ಹಾಕಿದರೆ ಸ್ವಲ್ಪ ಹೆಚ್ಚು ತೋರಿಸುತ್ತದೆ. ಚಕ್ರದ ಎಬಿಎಸ್ ಸೆನ್ಸರಿನಿಂದ ವೇಗ ಓದುವ ಹೊಸ ಗಾಡಿಯಲ್ಲಿ ರೇಷಿಯೋ ಬದಲಿಸಿದರೂ ಮೀಟರಿನ ತಪ್ಪು ಹಾಗೇ ಉಳಿಯುತ್ತದೆ, ಟೈರಿನ ಅಳತೆಯನ್ನು ಕಂಪ್ಯೂಟರಿಗೆ ತಿಳಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ವಿವರದಿಂದ ಗಾಡಿ ಬೇರೆಯಾಗುವಂತೆ ಬದಲಿಸುವುದನ್ನು ನಿರ್ಬಂಧಿಸುತ್ತದೆ. ಟೈರು, ಎತ್ತರ ಬದಲಿಸುವ ಮೊದಲು ಆರ್‌ಟಿಓ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸಿ. ಅಣಶಿ ಸುತ್ತಲಿನ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಗಾಡಿ ಎಷ್ಟೇ ಸಮರ್ಥವಾಗಿದ್ದರೂ ಅಲ್ಲಿ ರಸ್ತೆ ಬಿಟ್ಟು ಇಳಿಯುವಂತಿಲ್ಲ.

ಪ್ರಶ್ನೆಗಳು

ಹಿಂದಿನದಕ್ಕೆ ಮಾತ್ರ 4.56 ಹಾಕಿ ಮುಂದಿನದನ್ನು ಆಮೇಲೆ ಮಾಡಿಸಬಹುದೇ ಎಂದು ಒಬ್ಬರು ಕೇಳಿದರು. ನಡುವಿನ ದಿನಗಳಲ್ಲಿ ಫೋರ್ ವೀಲ್ ಹಾಕಲೇಬಾರದು. ಹಿಂದೆ 4.56, ಮುಂದೆ 3.73 ಇದ್ದರೆ ಮುಂದಿನ ಚಕ್ರಗಳು 22 ಶೇಕಡಾ ವೇಗವಾಗಿ ತಿರುಗಲು ನೋಡುತ್ತವೆ. ರಾಡಿಯಲ್ಲೂ ಅದು ತಡೆಯುವುದಿಲ್ಲ. ಹಾಗೆ ಇಡಲೇಬೇಕಾದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಡಿ, ಯಾರೂ ಮರೆತು ಲಿವರು ಎಳೆಯದಂತೆ. ಒಂದು ಕಡೆ 4.10, ಇನ್ನೊಂದು ಕಡೆ 4.11 ಇರುವಷ್ಟು ಸಣ್ಣ ವ್ಯತ್ಯಾಸದಿಂದ ತೊಂದರೆಯಿಲ್ಲ.

31 ಇಂಚಿಗೆ ಮಾತ್ರ ಹೋದರೆ? 29ರಿಂದ 31 ಅಂದರೆ 7 ಶೇಕಡಾ. ಖಾಲಿ ಓಡಾಡುವ, ಒಳ್ಳೆಯ ಎಳೆತದ ಡೀಸೆಲ್ ಆದರೆ ಹಾಗೆಯೇ ಬಿಡಬಹುದು. ಪೆಟ್ರೋಲ್ ಇದ್ದು, ಜನ ತುಂಬಿ ಘಟ್ಟ ಹತ್ತುವುದಿದ್ದರೆ ಸಿಗುವ ಮುಂದಿನ ರೇಷಿಯೋ ಹಾಕಿಸಿ. 10 ಶೇಕಡಾ ದಾಟಿದರೆ ಯಾವ ಗಾಡಿಗಾದರೂ ಹಾಕಿಸಲೇಬೇಕು ಎನ್ನುತ್ತೇವೆ. ಅಷ್ಟು ಹಣ ಈಗ ಇಲ್ಲವೆಂದಾದರೆ ಟೈರನ್ನೇ ಒಂದು ಅಳತೆ ಚಿಕ್ಕದು ಆರಿಸಿಕೊಳ್ಳಿ.

ಗುಜರಿಯಲ್ಲಿ ಸಿಗುವ ಹಳೆಯ ಸೆಟ್ ಹಾಕಬಹುದೇ ಎಂಬುದು ಕೊನೆಯ ಪ್ರಶ್ನೆ. ಕ್ರೌನು ಮತ್ತು ಪಿನಿಯನ್ನನ್ನು ಕಾರ್ಖಾನೆಯಲ್ಲಿ ಜೊತೆಯಾಗಿ ಉಜ್ಜಿ ಹೊಂದಿಸಿ, ಎರಡರ ಮೇಲೂ ಒಂದೇ ಜೋಡಿ ನಂಬರು ಕೆತ್ತಿರುತ್ತಾರೆ. ಪಿನಿಯನ್ನಿನ ತಲೆಯ ಮೇಲಿನ ನಂಬರನ್ನೂ ಕ್ರೌನಿನ ಪಕ್ಕದ ನಂಬರನ್ನೂ ಬಟ್ಟೆಯಿಂದ ಒರೆಸಿ ಓದಿ. ಆಳದ ಕೂಡಿಸು-ಕಳೆ ಅಂಕೆ ಬೇರೆ, ಜೋಡಿ ನಂಬರು ಬೇರೆ, ಗೊಂದಲ ಮಾಡಿಕೊಳ್ಳಬೇಡಿ. ನಂಬರು ಹೊಂದಿದರೆ ಹಲ್ಲಿನ ಮೇಲೆ ಉಗುರು ಆಡಿಸಿ ನೋಡಿ, ಗುಂಡಿ, ಮೆಟ್ಟಿಲು, ನೀಲಿ ಬಣ್ಣಕ್ಕೆ ತಿರುಗಿದ ಸುಟ್ಟ ಗುರುತು ಇರಬಾರದು. ನಂಬರು ಹೊಂದದಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಅಲ್ಲೇ ಬಿಟ್ಟು ಬನ್ನಿ, ಯಾವ ಶಿಮ್ಮಿನಿಂದಲೂ ಅದರ ಸದ್ದು ನಿಲ್ಲಿಸಲಾಗುವುದಿಲ್ಲ.